ಇವತ್ತಿನ ರೇಟು

ಸಿದ್ದಾಪುರದ ಬಸ್‌ಸ್ಟ್ಯಾಂಡಿನೆದುರು
ನನ್ನದೊಂದು ರೀಚಾರ್ಜ್ ಅಂಗಡಿ, ಒಂದು ಮುರುಕು ಸ್ಟೂಲು,
ಜೊತೆಗೆ ಇನ್ನೂರ ಮೂವತ್ತೊಂದು ಜನರ ವಾಟ್ಸಾಪ್ ಗುಂಪಿನ ಯಜಮಾನಿಕೆ:
‘ಕಾಳುಮೆಣಸು, ಇವತ್ತಿನ ರೇಟು’.
ಬೆಳಿಗ್ಗೆ ಎಂಟಕ್ಕೆ ದರ ಹಾಕುತ್ತೇನೆ.
ಮಾಲ್ದಾರೆ ರಸ್ತೆಗೆ ಒಂಟಿ ಸಲಗ ಇಳಿದಿದ್ದರೆ
ಯಾರಾದರೂ ಅದನ್ನೂ ಹಾಕುತ್ತಾರೆ.
ಮತ್ತೆ ಗುಡ್ ಮಾರ್ನಿಂಗಿನ ಗುಲಾಬಿಗಳು. ಬೇಡವೆಂದರೂ.

ಆ ಗುಂಪಿಗೇ ಒಂದು ಮಂಗಳವಾರ
ಲೋಡಿಂಗ್ ಹಂಸಾಕನ ಮಗಳನ್ನು ಹಾಕಿದೆ.
ರಿನ್ಷ. ಎಂಟು ವರ್ಷ. ಹೃದಯದಲ್ಲಿ ತೂತು.
ಮೈಸೂರಿನ ಡಾಕ್ಟರು ಬರೆದುಕೊಟ್ಟ ಮೊತ್ತವನ್ನು
ಹಂಸಾಕ ನನ್ನಿಂದ ಎರಡೆರಡು ಸಲ ಓದಿಸಿ ಕೇಳಿದ,
ಕಾಫಿ ಮೂಟೆಯ ತೂಕ ಕೇಳುವ ಹಾಗೆ,
ಹೊರಬಹುದೇ ಎಂದು ತನ್ನ ಬೆನ್ನನ್ನೇ ಕೇಳಿಕೊಳ್ಳುವ ಹಾಗೆ.

ಫೋಟೋ ನಾನೇ ತೆಗೆದದ್ದು, ಇದೇ ಸ್ಟೂಲಿನ ಮೇಲೆ ಕೂರಿಸಿ.
ಫೋನು ಎತ್ತಿದ್ದೇ ತಡ, ಹುಡುಗಿ ನಕ್ಕಳು,
ಮುಂದಿನ ಎರಡು ಹಲ್ಲಿಲ್ಲದ ಬಾಯಿ ತುಂಬ.
‘ನಗಬೇಡ ಮೋಳೇ’ ಅಂದೆ.
ನಕ್ಕರೆ ಯಾರು ಕೊಡುತ್ತಾರೆ?
ಮತ್ತೂ ನಕ್ಕಳು.
‘ಸೂಜಿ ನೆನಪು ಮಾಡಿಕೋ’ ಅಂದೆ.
ಮಾಡಿಕೊಂಡಳು.
ಅದನ್ನೇ ಹಾಕಿದೆ.

ದುಡ್ಡು ಬಂತು. ಹೇಗೆ ಬಂತೆಂದರೆ,
ಮೊದಲು ಒಂದೇ ಒಂದು ರೂಪಾಯಿ,
ನಂಬರು ಸರಿಯಿದೆಯೇ ನೋಡಲು ನಾಚಪ್ಪನವರು ಕಳಿಸಿದ್ದು.
ಹಿಂದೆಯೇ ಅವರದೇ ಹತ್ತು ಸಾವಿರ,
ಹೆಸರು ಎಲ್ಲೂ ಬರಬಾರದೆಂಬ ಕರಾರಿನ ಮೇಲೆ.
(ಇಲ್ಲಿ ಬಂದುಬಿಟ್ಟಿತು. ಬಯ್ಯುತ್ತಾರೆ.)
ದಮ್ಮಾಮಿನ ಬೇಕರಿಯೊಂದರಿಂದ ಕಂಡರಿಯದ ಸಿದ್ದೀಕ,
ಕಪ್ಪನ್ನು ಮಾತ್ರ ಇಟ್ಟುಕೊಂಡ ಅಮ್ಮತ್ತಿಯ ಹಾಕಿ ಹುಡುಗರು,
ಮಡಿಕೇರಿಯ ಒಬ್ಬ ಟೀಚರು, ಗುಂಪು ಬಿಟ್ಟು ಹೋಗುವ ಮುನ್ನ.
ಕೈಮುಗಿದ ಚಿತ್ರಗಳು ತೊಂಬತ್ತಾರು;
ಮುಗಿದ ಕೈ ಬಿಚ್ಚಿದವರು ಹನ್ನೊಂದು ಜನ.
ಲೆಕ್ಕ ಇಟ್ಟಿದ್ದೇನೆ. ಇಡಬಾರದಿತ್ತು.

ಲೈನುಮನೆಯ ಬೊಳ್ಳಿಗೆ ಗುಂಪಿಲ್ಲ, ಫೋನೂ ಇಲ್ಲ.
ಕಾಫಿ ಕುಯ್ದು ಕಪ್ಪಾದ ಬೆರಳಲ್ಲಿ ಇಪ್ಪತ್ತರ ನೋಟು ತಂದು
‘ಇದನ್ನೂ ಅದರೊಳಗೆ ಹಾಕು’ ಎಂದು
ಉರಿಯುತ್ತಿದ್ದ ಫೋನಿನ ಗಾಜಿನ ಮೇಲೇ ಇಟ್ಟಳು.
ಮಗುವಿನ ಮುಖ ಅಷ್ಟು ಹೊತ್ತು ಮುಚ್ಚಿಹೋಯಿತು,
ಒಂದು ಹೊದಿಕೆಯಡಿ ಹೋದ ಹಾಗೆ.

ಸಾಕಾಯಿತು. ಮಿಕ್ಕಿತು ಕೂಡ.
ತೂತು ಮುಚ್ಚಿದರು.
‘ಇನ್ನು ಕಳಿಸಬೇಡಿ’ ಎಂದು ಮೂರು ಸಲ ಹಾಕಿದೆ.
ಆ ಮಾತನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಎರಡು ವರ್ಷದ ಮೇಲೆ, ಮೊನ್ನೆ,
ಉಡುಪಿಯ ಯಾವುದೋ ಅಡುಗೆಯವರ ಗುಂಪಿನಿಂದ ಹೊರಟು
ಹಾಸನ ಸುತ್ತಿ, ನನ್ನ ಅತ್ತಿಗೆಯ ಕೈಯಿಂದ
ನನಗೇ ಬಂತು: ಅದೇ ಸ್ಟೂಲು, ಅದೇ ನಗದ ಮುಖ.
‘ಅರ್ಜೆಂಟ್. ಇವತ್ತು ರಾತ್ರಿಯೇ ಆಪರೇಷನ್.
ದೇವರಿದ್ದಾನೆ ಎನ್ನುವವರು ಶೇರ್ ಮಾಡಿ.’
ಹೆಸರು ಪ್ರಣತಿ ಅಂತೆ. ಊರು ಬೇರೆ.
ಅಕೌಂಟ್ ನಂಬರೂ ಬೇರೆ.
ಪೊಲೀಸರಿಗೆ ತೋರಿಸಿದೆ. ಬರೆದುಕೊಂಡರು.
ಬರೆದುಕೊಳ್ಳುವಾಗ ಒಬ್ಬರು ಅಂದರು,
‘ಇದಕ್ಕೆ ನಾನೂ ಇನ್ನೂರು ಹಾಕಿದ್ದೆನಲ್ಲ.’

ಸಂಜೆ ಶಾಲೆ ಬಿಟ್ಟು ರಿನ್ಷ ಬಂದಳು,
ಅವಳ ಎದೆಯೆತ್ತರದ ಹಾಕಿ ಸ್ಟಿಕ್ಕು ಎಳೆದುಕೊಂಡು.
ವಿರಾಜಪೇಟೆ ಬಸ್ಸಿನಲ್ಲಿ ಯಾರೋ ಹೆಂಗಸು
ಗಲ್ಲ ಹಿಡಿದು ಅತ್ತರಂತೆ,
‘ಇನ್ನೂ ಇದ್ದೀಯಾ ಮಗಳೇ’ ಅಂದರಂತೆ.
‘ನಾನೆಲ್ಲಿ ಹೋಗಿದ್ದೆ ಅಕ್ಕಾ?’

ಹೊಸ ಫೋಟೋ ಹಾಕೋಣ, ಎಲ್ಲರೂ ನೋಡಲಿ ಅಂದೆ.
ಈ ಸಲ ಏನೂ ಹೇಳಿಕೊಡಲಿಲ್ಲ.
ಸ್ಟೂಲು ಹತ್ತಿದಳು, ಸ್ಟಿಕ್ಕು ಬದಿಗಿಟ್ಟಳು,
ತಾನಾಗಿಯೇ ನಗು ನುಂಗಿ, ಕಣ್ಣು ಇಳಿಸಿ,
ಹಳೆಯ ಮುಖ ತಂದುಕೊಂಡು ಕೇಳಿದಳು,
‘ಹೀಗೇ ಅಲ್ವಾ?’

ಹಲ್ಲು ಎರಡೂ ಬಂದಿವೆ.
ಫೋಟೋದಲ್ಲಿ ಕಾಣುವುದಿಲ್ಲ.